ಸಹಿ ಹಾಕದವಳು

"ಈ ಕಾಗದಕ್ಕೆ ನಾನು ಸಹಿ ಹಾಕಲ್ಲ!"

ಮಮತಾ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಟಕ್ ಎಂಬ ಆ ಸಣ್ಣ ಸದ್ದಿಗೇ ಎದುರಿಗಿದ್ದವನು ಬೆಚ್ಚಿದ.

ಸಾಫ್ಟ್‌ವೇರ್ ಕಂಪನಿಯ ದುರ್ಗೇಶ್ ಆ ಸೋಮವಾರ ಬೆಳಿಗ್ಗೆ ಹೊಳಲ್ಕೆರೆಯಿಂದ ಈ ರಕ್ತನಿಧಿಗೆ ಬೈಕಿನಲ್ಲಿ ಬಂದಿದ್ದ. ಹೆಲ್ಮೆಟ್ ಇನ್ನೂ ತೋಳಿಗೇ ನೇತಾಡುತ್ತಿತ್ತು. ಒಂದು ಸಹಿ, ಒಂದು ಟೀ, ಹನ್ನೊಂದಕ್ಕೆಲ್ಲ ವಾಪಸ್... ಹಾಗಂದುಕೊಂಡೇ ಬಂದಿದ್ದ.

"ಮೇಡಂ, ಕೆಲಸ ಮುಗೀತು ಅಂತ ಒಂದು ಸಹಿ, ಬರೀ ಫಾರ್ಮಾಲಿಟಿ. ಸಾಫ್ಟ್‌ವೇರ್ ಹಾಕಾಗೈತೆ. ಸ್ಕ್ರೀನ್ ನೋಡ್ರಿ, ಎಲ್ಲಾ ಹಸಿರು!"

"ಹಸಿರು ನಂಗೂ ಕಾಣ್ತೈತೆ. ನಿಮ್ಮ ಕಂಪನಿ ಪುಸ್ತಕ ನೀವು ಓದೀರಾ?"

"ಯಾವ ಪುಸ್ತಕ?"

ಮಮತಾ ದಪ್ಪನೆಯ ಒಂದು ಪ್ರಿಂಟನ್ನು ಅವನ ಮುಂದೆ ತಳ್ಳಿದಳು. "ನಲವತ್ಮೂರನೇ ಪುಟ. ಓದ್ರಿ. ಜೋರಾಗಿ ಓದ್ರಿ."

ಅದೊಂದು ಪಟ್ಟಿ. ಯಾವ ಸರ್ವರ್, ಯಾವ ಆಪರೇಟಿಂಗ್ ಸಿಸ್ಟಮ್, ಯಾವ ವರ್ಷನ್ ಇದ್ದರೆ ಈ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ ಎಂಬ ಪಟ್ಟಿ. ಕೆಳಗಡೆ ಒಂದು ಸಾಲಿನ ಪಕ್ಕ ಪುಟ್ಟ ನಕ್ಷತ್ರ. ದುರ್ಗೇಶನ ಕಣ್ಣು ಅಲ್ಲಿಗೆ ಬಂದು ನಿಂತಿತು.

"ಈ ವರ್ಷನ್ನಿನ ನಕಲು ತೆಗೆಯಬಹುದು... ಮರಳಿ ಚಾಲೂ ಆಗುವ ಖಾತ್ರಿ ಇಲ್ಲ..."

"ಅದೇ ವರ್ಷನ್ ನಮ್ದು," ಎಂದಳು ಮಮತಾ. "ಈಗ ಹೇಳ್ರಿ, ಯಾತಕ್ಕೆ ಸಹಿ ಹಾಕ್ಲಿ?"

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಕಿವಿ ಕೆಂಪಾಯಿತು.

ಚಿತ್ರದುರ್ಗದ ಆ ರಕ್ತನಿಧಿಯನ್ನು ಒಂದು ಟ್ರಸ್ಟ್ ನಡೆಸುತ್ತಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೇ ತುರ್ತಾಗಿ ರಕ್ತ ಬೇಕಾದರೂ ಮೊದಲ ಫೋನ್ ಇಲ್ಲಿಗೇ ಬರುತ್ತಿತ್ತು. ಯಾರದು ಯಾವ ಗುಂಪು, ಯಾರ ರಕ್ತ ಯಾರಿಗೆ ಹೊಂದಿತು, ಯಾರಿಗೆ ಹೊಂದಲಿಲ್ಲ... ಹದಿನಾರು ವರ್ಷಗಳ ಆ ಸಮಾಚಾರವೆಲ್ಲ ಒಂದೇ ಸರ್ವರಿನಲ್ಲಿತ್ತು. ಅದನ್ನು ಕಾಯುವ ಕೆಲಸ ಮಮತಾಳದು.

ಟ್ರಸ್ಟಿನವರ ಯೋಚನೆ ಒಳ್ಳೆಯದೇ. ಆ ಸರ್ವರಿನ ನಕಲೊಂದು ಹಿರಿಯೂರಿನ ಶಾಖೆಯಲ್ಲಿ ಸದಾ ಇರಬೇಕು. ಬೆಂಕಿ ಬೀಳಲಿ, ಸಿಡಿಲು ಹೊಡೆಯಲಿ, ಚಿತ್ರದುರ್ಗದ್ದು ಸತ್ತ ಅರ್ಧ ಗಂಟೆಯಲ್ಲಿ ಹಿರಿಯೂರಿನದು ಎದ್ದು ಕೆಲಸ ಮುಂದುವರಿಸಬೇಕು. ಅದಕ್ಕೆಂದೇ ಈ ಸಾಫ್ಟ್‌ವೇರ್ ಕೊಂಡಿದ್ದು.

ಆದರೆ ನಕಲು ಎದ್ದೇಳದಿದ್ದರೆ?

ಆ ಪ್ರಶ್ನೆ ಕೇಳಿದವಳು ಮಮತಾ ಒಬ್ಬಳೇ!

ರಕ್ತನಿಧಿಯ ಮುಖ್ಯಸ್ಥೆ ಡಾ. ಅನ್ನಪೂರ್ಣಮ್ಮ ಸಿಟ್ಟಿನಿಂದಲೇ ಒಳಗೆ ಬಂದರು. "ಏನಮ್ಮ ನಿಂದು? ಮುಂದಿನ ವಾರ ಬುಧವಾರ ಹಿರಿಯೂರಲ್ಲಿ ಉದ್ಘಾಟನೆ. ಕಾರ್ಡ್ ಹಂಚಾಗೈತೆ!"

"ಮೇಡಂ, ಒಂದ್ಸಲ ಎಬ್ಬಿಸಿ ತೋರಿಸ್ಲಿ. ಆಮೇಲೆ ಹತ್ತು ಸಹಿ ಬೇಕಾದ್ರೂ ಹಾಕ್ತೀನಿ."

"ಕಂಪನಿ ಮ್ಯಾನೇಜರ್ ಪ್ರಭುಲಿಂಗ ಖುದ್ದು ಮಾತು ಕೊಟ್ಟಾರೆ."

"ಮಾತು ಕೊಟ್ಟೋರ ಹೆಸರು ಈ ಪುಟದಲ್ಲಿಲ್ಲ ಮೇಡಂ. ನಮ್ಮ ಸರ್ವರ್ ಹೆಸರು ಐತೆ."

ಡಾಕ್ಟರ್ ಹುಬ್ಬು ಗಂಟಿಕ್ಕಿದರು. ಆಗ ದುರ್ಗೇಶ್ ನಿಧಾನವಾಗಿ ಬಾಯಿ ಬಿಟ್ಟ.

"ಡಾಕ್ಟ್ರೇ... ನಂಗೆ ಮೂರು ದಿನ ಕೊಡ್ರಿ. ಹಿರಿಯೂರಲ್ಲಿ ಎಬ್ಬಿಸಿ ನೋಡ್ತೀನಿ."

ಮಮತಾ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. 'ತಪ್ಪಿಸ್ಕೊಳ್ಳಕ್ಕೆ ಹೇಳ್ತಿದಾನೋ... ನಿಜವಾಗ್ಲೂ ಮಾಡ್ತಾನೋ?'

ಮರುದಿನ ಅವನು ಒಂಬತ್ತಕ್ಕೇ ಬಂದ. ಕಣ್ಣು ಊದಿಕೊಂಡಿತ್ತು.

"ಇಡೀ ಪುಸ್ತಕ ಓದ್ದೆ ಮೇಡಂ. ಇನ್ನೂರ ಹನ್ನೆರಡು ಪುಟ. ನಾಲ್ಕು ವರ್ಷದಿಂದ ಇದೇ ಸಾಫ್ಟ್‌ವೇರ್ ಹಾಕ್ತಾ ಇದೀನಿ... ಒಂದ್ಸಲನೂ ಓದಿರ್ಲಿಲ್ಲ. ನಂದು ತಪ್ಪು."

ನಂದು ತಪ್ಪು!

ಆ ಕಚೇರಿಯಲ್ಲಿ ಐದು ವರ್ಷ ಕೆಲಸ ಮಾಡಿದ್ದ ಮಮತಾ ಆ ಎರಡು ಪದಗಳನ್ನು ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ. ಏನು ಹೇಳಬೇಕೆಂದು ತೋಚದೆ, "ಟೀ ಕುಡೀತೀರಾ?" ಎಂದುಬಿಟ್ಟಳು. ಹೇಳಿದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಎರಡು ದಿನ ಇಬ್ಬರೂ ಸರ್ವರ್ ಕೋಣೆಯ ಆ ಚಳಿಯಲ್ಲಿ ಅಕ್ಕಪಕ್ಕ ಕುಳಿತು ಕೆಲಸ ಮಾಡಿದರು. ಜಗಳವಾಡಿದರು. ಮತ್ತೆ ಕೆಲಸ ಮಾಡಿದರು. ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ತರಿಸಿದಾಗ ಅವನು ಒಂದು ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡ.

"ಹೊಳಲ್ಕೆರೆಯವ್ರು ಖಾರ ತಿನ್ನಲ್ವಾ?" ಎಂದು ಅವಳು ನಕ್ಕಳು.

"ತಿಂತೀವಿ. ಬೈಸ್ಕೊಂಡು ತಿಂದ್ರೆ ಮಾತ್ರ ನೆತ್ತಿಗೆ ಹತ್ತತೈತೆ."

ಆ ನಗು ಸಂಜೆ ಬಸ್ಸಿನಲ್ಲೂ ಅವಳ ತುಟಿಯ ಮೇಲೇ ಇತ್ತು. 'ಛೇ, ಏನಾಗೈತೆ ನಂಗೆ...'

ಗುರುವಾರ ಹಿರಿಯೂರಿನ ಶಾಖೆಯಲ್ಲಿ ಪರೀಕ್ಷೆ. ದುರ್ಗದ ಸರ್ವರಿಗೆ ಏನೂ ತೊಂದರೆಯಾಗದಂತೆ, ಇಲ್ಲಿ ಬಂದು ಕೂತಿದ್ದ ನಕಲನ್ನು ಮಾತ್ರ ಚಾಲೂ ಮಾಡಬೇಕಿತ್ತು. ದುರ್ಗೇಶ್ ಗುಂಡಿ ಒತ್ತಿದ.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಒಂದು ಗಂಟೆ.

ಕಪ್ಪು ತೆರೆಯ ಮೇಲೆ ಒಂದೇ ಸಾಲು. ಅದರಾಚೆಗೆ ಅದು ಕದಲಲೇ ಇಲ್ಲ. ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಅಷ್ಟೇ!

ದುರ್ಗೇಶ್ ಕುರ್ಚಿಗೆ ಒರಗಿದ. "ನೀವು ಹೇಳಿದ್ದು ನಿಜ ಮೇಡಂ. ಇದು ನಕಲಲ್ಲ, ಹೆಣ. ಮೊದ್ಲು ದುರ್ಗದ ಸರ್ವರನ್ನೇ ಹೊಸ ವರ್ಷನ್ನಿಗೆ ತರಬೇಕು. ಅಲ್ಲೀವರೆಗೆ ಈ ಸಾಫ್ಟ್‌ವೇರ್ ಇದ್ದೂ ಇಲ್ದಂಗೆ. ನನ್ನ ವರದಿಯಲ್ಲಿ ಹಂಗೇ ಬರೀತೀನಿ."

"ನಿಮ್ಮ ಮ್ಯಾನೇಜರ್ ಬಿಡ್ತಾರಾ?"

"ಕಂಡದ್ದು ಬರಿಯಾಕೆ ಯಾರ ಅಪ್ಪಣೆ ಬೇಕು?"

ಮಮತಾ ಅವನತ್ತ ತಿರುಗಿ ನೋಡಿದಳು. ಇವನು ತನ್ನಂಥವನೇ... ಅನ್ನಿಸಿತು.

ಅದಕ್ಕೇ ಶನಿವಾರದ ಪೆಟ್ಟು ಅಷ್ಟು ಜೋರಾಗಿ ಬಿದ್ದದ್ದು.

ಅಂದು ಬೆಳಿಗ್ಗೆ ಕಂಪನಿಯಿಂದ ವರದಿ ಬಂತು. ಡಾ. ಅನ್ನಪೂರ್ಣಮ್ಮ ಅದನ್ನು ಮಮತಾಳ ಮುಂದೆ ಹಿಡಿದರು. 'ಎಲ್ಲ ಸರ್ವರ್‌ಗಳೂ ಹೊಂದುತ್ತವೆ. ಹಿರಿಯೂರಿನ ಪರೀಕ್ಷೆ ಯಶಸ್ವಿ.' ಕೆಳಗೆ ಹೆಸರು, ದುರ್ಗೇಶ್. ಅವನ ಸಹಿ.

ಮಮತಾ ಅದನ್ನು ಎರಡು ಸಲ ಓದಿದಳು. ಅಕ್ಷರಗಳು ಮಂಜಾದವು.

"ಇದು ಸುಳ್ಳು ಮೇಡಂ! ನಾನು ಅಲ್ಲೇ ಇದ್ದೆ!"

"ಅವನೇ ಸಹಿ ಹಾಕಿದಾನಲ್ಲಮ್ಮ. ಪ್ರಭುಲಿಂಗ ಹೇಳಿದ್ರು, ನೀನು ಅಲ್ಲಿ ಏನೋ ತಪ್ಪು ಒತ್ತಿದ್ಯಂತೆ, ಅದಕ್ಕೇ ನಿಂತಿತ್ತಂತೆ. ನೋಡು, ಈಗ್ಲೂ ಸಹಿ ಹಾಕು. ಇಲ್ಲಾಂದ್ರೆ ಸೋಮವಾರದಿಂದ ನೋಂದಣಿ ಮೇಜಿಗೆ ಹೋಗು. ಸರ್ವರ್ ಬೇರೆಯವ್ರು ನೋಡ್ಕಳ್ತಾರೆ."

"ನೋಂದಣಿ ಮೇಜಿಗೇ ಹೋಗ್ತೀನಿ."

"ಮಮತಾ!"

"ಕೆಲಸ ಬಿಡಲ್ಲ ಮೇಡಂ. ಸಹಿನೂ ಹಾಕಲ್ಲ."

ಹೊರಗೆ ಬಂದರೆ ಗೇಟಿನ ಹತ್ತಿರ ದುರ್ಗೇಶ್! ಬೈಕನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿ ಬರುತ್ತಿದ್ದ.

"ಮೇಡಂ, ಎರಡು ನಿಮಿಷ. ಆ ವರದಿ..."

"ನೋಡಿದೆ. ನಿಮ್ಮ ಸಹಿ ಚೆನ್ನಾಗೈತೆ."

"ಅದು ನಾನು..."

"ಸಾಕು! ಅವತ್ತು ಏನಂದ್ರಿ? ಕಂಡದ್ದು ಬರಿಯಾಕೆ ಅಪ್ಪಣೆ ಯಾಕೆ ಅಂದ್ರಿ. ನಂಬಿದ್ನಲ್ಲ... ನಾನು ಎಂಥ ಹುಚ್ಚಿ! ಇನ್ನೊಂದ್ಸಲ ನನ್ನ ಮುಂದೆ ಬರಬ್ಯಾಡ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಿರುಗಿ ನೋಡದೆ ನಡೆದಳು. ತಿರುಗಿದ್ದರೆ ಕಣ್ಣೀರು ಅವನಿಗೆ ಕಾಣುತ್ತಿತ್ತು. ಅದನ್ನು ಮಾತ್ರ ಅವಳು ಯಾರಿಗೂ ತೋರಿಸುವವಳಲ್ಲ.

ಸೋಮವಾರ ನೋಂದಣಿ ಮೇಜಿಗೆ ಮೊದಲು ಬಂದವರು ಭರಮಸಾಗರದ ಶಾಂತಕ್ಕ. ಅಲ್ಲಿ ಪುಟ್ಟ ಬಳೆ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಮೈಯಲ್ಲಿ ರಕ್ತ ಉತ್ಪತ್ತಿಯಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ಬಂದು ರಕ್ತ ಹಾಕಿಸಿಕೊಳ್ಳಲೇಬೇಕು.

"ಏನವ್ವ, ಇಲ್ಲಿ ಕುಂತೀಯಾ? ಒಳಗಿನ ದೊಡ್ಡ ಮಿಷನ್ ಬಿಟ್ಟು?"

"ಹಿಂಗೇ ಅಕ್ಕ..."

"ಹಿಂಗೇ ಅಂದ್ರೆ ಹೆಂಗೆ? ಮುಖ ನೋಡಿದ್ರೆ ಗೊತ್ತಾಗ್ತೈತೆ. ಹೇಳು."

ಮಮತಾ ಹೇಳಿದಳು. ಶಾಂತಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಒಂಬತ್ತು ವರ್ಷದ ಹಿಂದೆ ಬೇರೆ ಊರಲ್ಲಿ ನಂಗೆ ರಕ್ತ ಹಾಕಿದ್ರು. ಗುಂಪು ಅದೇ. ಆದ್ರೂ ಹೊಂದಲಿಲ್ಲ ಕಣವ್ವ. ಹಾಕಿದ ಅರ್ಧ ಗಂಟೇಲಿ ಮೈಯೆಲ್ಲಾ ನಡುಕ, ಸೊಂಟ ಮುರಿಯೋ ನೋವು. ಸತ್ತೇ ಹೋದೆ ಅಂದ್ಕಂಡೆ. ನಿಮ್ಮ ಡಾಕ್ಟ್ರಮ್ಮನೇ ಹೇಳಿದ್ರು, ಆ ದೋಷ ಈಗಿನ ಪರೀಕ್ಷೇಲಿ ಕಾಣದಂಗೂ ಇರಬಹುದು, ಹಳೇ ದಾಖಲೆ ನೋಡೇ ರಕ್ತ ಆರಿಸ್ಬೇಕು ಅಂತ. ಆ ದಾಖಲೆ ಇರೋದು ನಿನ್ನ ಮಿಷನ್‌ನಾಗೆ ತಾನೇ?"

"ಹೂಂ ಅಕ್ಕ."

"ಮತ್ತೆ ಇಲ್ಲಿ ಕುಂತು ಅಳು ನುಂಗ್ತೀಯಲ್ಲ! ಹೋಗಿ ಕೇಳು. ನನ್ನ ಹೆಸರು ಹೇಳಿ ಕೇಳು."

ಮಮತಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಬುಧವಾರ ಹಿರಿಯೂರಿನ ಶಾಖೆಗೆ ಹೂವಿನ ತೋರಣ ಕಟ್ಟಿದ್ದರು. ಟ್ರಸ್ಟಿನವರು, ದಾನಿಗಳು, ಊರಿನ ಹಿರಿಯರು ಸೇರಿ ನೂರಕ್ಕೂ ಹೆಚ್ಚು ಜನ. ಪ್ರಭುಲಿಂಗ ಹೊಸ ಕೋಟು ತೊಟ್ಟು ಮೈಕಿನ ಮುಂದೆ ನಿಂತಿದ್ದ. ಮಮತಾಳಿಗೆ ಆಹ್ವಾನವಿರಲಿಲ್ಲ. ಒಂದು ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿ ಬಂದಿದ್ದಳು.

"ಇನ್ಮೇಲೆ ದುರ್ಗದಲ್ಲಿ ಏನೇ ಆಗ್ಲಿ, ನಿಮ್ಮ ದಾಖಲೆ ಇಲ್ಲಿ ಜೋಪಾನ!" ಪ್ರಭುಲಿಂಗ ಕೈ ಎತ್ತಿದ. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಲ್ಲುತ್ತಲೇ ಹಿಂದಿನಿಂದ ಒಂದು ದನಿ ಎದ್ದಿತು.

"ಹಂಗಾದ್ರೆ ಭರಮಸಾಗರದ ಶಾಂತಕ್ಕನ ದಾಖಲೆ ಈ ಸರ್ವರಿಂದ ತೆಗೆದು ತೋರಿಸ್ರಿ!"

ಎಲ್ಲರ ಕತ್ತೂ ತಿರುಗಿತು. ಮಮತಾ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ಬರುತ್ತಿದ್ದಳು.

ಪ್ರಭುಲಿಂಗ ನಕ್ಕ. "ಇವರು ನೋಂದಣಿ ಮೇಜಿನವರು. ಪಾಪ, ಗೊತ್ತಾಗಲ್ಲ. ಕುರಿ ಕಾಯೋರ ಮನೆಯಿಂದ ಬಂದೋರಿಗೆ ಸರ್ವರ್ ಅಂದ್ರೆ..."

"ಹೌದು! ಮಾಡದಕೆರೆಯ ಕುರಿ ಕಾಯೋ ಮಾರಣ್ಣನ ಮಗಳೇ ನಾನು!" ಮಮತಾ ಅವನ ಮಾತು ತುಂಡರಿಸಿದಳು. "ನಮ್ಮಪ್ಪ ಬೆಳಿಗ್ಗೆ ಹೋದ ಕುರಿ ಎಷ್ಟು ಅಂತ ಹೇಳಿ ಸುಮ್ಕಾಗಲ್ಲ ಸ್ವಾಮಿ. ಸಂಜೆ ಹಟ್ಟಿಗೆ ಬಂದ ಕುರಿ ಎಣಿಸ್ತಾನೆ. ನೀವು ಬರೀ ಹೋಗಿದ್ದು ತೋರಿಸ್ತಾ ಇದೀರಿ. ಬಂದಿದ್ದು ತೋರಿಸ್ರಿ!"

ಅವಳು ಡಾ. ಅನ್ನಪೂರ್ಣಮ್ಮನ ಕಡೆ ತಿರುಗಿದಳು.

"ಮೇಡಂ, ಹೊಂದಾಣಿಕೆ ನೋಡ್ದೆ ನೀವು ಯಾರಿಗಾದ್ರೂ ರಕ್ತ ಹಾಕಿದೀರಾ? ಒಂದು ಬಾಟ್ಲಿ? ಒಂದೇ ಒಂದು? ಮತ್ತೆ ಇದಕ್ಕೆ ಮಾತ್ರ ಯಾಕೆ ನೋಡಬಾರ್ದು?"

ಡಾಕ್ಟರರ ಮುಖ ಬಿಳುಪೇರಿತು.

"ಇವತ್ತು ಆಗಲ್ಲ," ಪ್ರಭುಲಿಂಗ ಅವಸರದಿಂದ ಹೇಳಿದ. "ತಾಂತ್ರಿಕ ಕಾರಣ ಅದಾವೆ..."

"ಇವತ್ತಲ್ಲ, ಯಾವತ್ತೂ ಆಗಲ್ಲ ಡಾಕ್ಟ್ರೇ."

ಬಾಗಿಲಲ್ಲಿ ದುರ್ಗೇಶ್ ನಿಂತಿದ್ದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಒಂದು ಕವರ್.

"ಗುರುವಾರ ಮೂರು ಸಲ ಎಬ್ಬಿಸಿದ್ವಿ. ಮೂರು ಸಲನೂ ಏಳಲಿಲ್ಲ. ನಾನು ಬರೆದ ವರದಿ ಇದು. ನಿಮಗೆ ಬಂದಿದ್ದು ಇವರು ತಿದ್ದಿದ್ದು. ನನ್ನ ಸಹಿ ಹಳೇ ಕಾಗದದಿಂದ ತೆಗೆದು ಅಂಟಿಸವ್ರೆ."

"ಲೇ ದುರ್ಗೇಶ! ಇವತ್ತೇ ನಿನ್ನ ಕೆಲಸ ಹೋಗ್ತದೆ!"

"ಹೋಗ್ಲಿ ಬಿಡ್ರಿ ಸರ್. ರಾಜೀನಾಮೆ ಬೆಳಿಗ್ಗೆನೇ ಕಳ್ಸೀನಿ."

ಮಮತಾ ಅವನ ಕೈಯಲ್ಲಿದ್ದ ಕವರನ್ನೇ ನೋಡಿದಳು. 'ಅಯ್ಯೋ... ಅವತ್ತು ಗೇಟಿನ ಹತ್ರ... ಇದನ್ನೇ ಹೇಳಕ್ಕೆ ಬಂದಿದ್ದ...'

ಡಾ. ಅನ್ನಪೂರ್ಣಮ್ಮ ಎದ್ದು ನಿಂತರು. "ಯಾರ ಮಾತೂ ಬೇಡ. ಎಬ್ಬಿಸ್ರಿ ಅದನ್ನ. ಎಲ್ಲರ ಮುಂದೆ."

ದೊಡ್ಡ ಪರದೆಯ ಮೇಲೆ ಅದೇ ಕಪ್ಪು, ಅದೇ ಒಂದು ಸಾಲು. ಮುಕ್ಕಾಲು ಗಂಟೆ ಜನ ಕಾದರು. ಪ್ರಭುಲಿಂಗ ಕೋಟಿನ ತೋಳಿನಿಂದ ಬೆವರು ಒರೆಸಿಕೊಂಡ. ಡಾಕ್ಟರ್ ಉದ್ಘಾಟನೆಯ ದೀಪವನ್ನು ಹಚ್ಚದೆ ಬತ್ತಿಯನ್ನು ಪಕ್ಕಕ್ಕಿಟ್ಟರು.

"ಕಾರ್ಯಕ್ರಮ ಇಲ್ಲ. ಊಟ ಐತೆ, ಎಲ್ಲಾರೂ ಊಟ ಮಾಡ್ಕಂಡು ಹೋಗ್ರಿ," ಎಂದರು. ಆಮೇಲೆ ಮಮತಾಳ ಹತ್ತಿರ ಬಂದು ದನಿ ತಗ್ಗಿಸಿದರು. "ನಾಳೆಯಿಂದ ನಿನ್ನ ಜಾಗಕ್ಕೆ ಹೋಗಮ್ಮ. ನಾನು ಕೇಳಬೇಕಿತ್ತು. ಕೇಳಲಿಲ್ಲ."

ಹೊರಗೆ ಮೆಟ್ಟಿಲ ಮೇಲೆ ದುರ್ಗೇಶ್ ಒಬ್ಬನೇ ಕುಳಿತಿದ್ದ. ಮಮತಾ ಹೋಗಿ ಎರಡು ಮೆಟ್ಟಿಲು ಮೇಲೆ ನಿಂತಳು.

"ಶನಿವಾರ ನೀವು ಎರಡು ನಿಮಿಷ ಕೇಳಿದ್ರಿ. ನಾನು ಕೊಡಲಿಲ್ಲ."

"ಹೂಂ, ಕೊಡಲಿಲ್ಲ."

"ತಪ್ಪಾಯ್ತು ನಂದು." ಮಮತಾ ಒಂದು ಮೆಟ್ಟಿಲು ಕೆಳಗಿಳಿದಳು. "ಬೇಜಾರಾಯ್ತಾ?"

"ಆಯ್ತು. ಸುಳ್ಳು ಯಾಕೆ ಹೇಳ್ಲಿ? ಎರಡು ದಿನ ಊಟ ಸೇರಲಿಲ್ಲ."

ಮಮತಾ ಒಳಗೆ ಹೋದಳು. ಬರುವಾಗ ಕೈಯಲ್ಲಿ ಎರಡು ತಟ್ಟೆಗಳಿದ್ದವು. "ಮುದ್ದೆ, ಅವರೆಕಾಳು ಸಾರು. ಮೊದ್ಲು ಊಟ ಮಾಡ್ರಿ. ಬೈಯೋದಿದ್ರೆ ಆಮೇಲೆ ಬೈಯ್ರಿ."

ಅವನು ಬೈಯಲಿಲ್ಲ. ಅವಳ ತಟ್ಟೆ ಖಾಲಿಯಾಗುವ ತನಕ ಕಾದು, ತಾನೇ ಎರಡೂ ತಟ್ಟೆ ತೊಳೆದಿಟ್ಟ.

ನಿಜ ಹೇಳಿದವನೇ ಈ ಕೆಲಸ ಮುಗಿಸಲಿ ಎಂದು ಡಾ. ಅನ್ನಪೂರ್ಣಮ್ಮ ಪಟ್ಟು ಹಿಡಿದರು. ಟ್ರಸ್ಟಿನವರು ದುರ್ಗೇಶನನ್ನು ಮೂರು ತಿಂಗಳಿಗೆ ನೇಮಿಸಿಕೊಂಡರು. ಪ್ರಭುಲಿಂಗನನ್ನು ಕಂಪನಿಯೇ ಕೆಲಸದಿಂದ ತೆಗೆಯಿತು. ಸರ್ವರಿನ ಕೆಲಸಕ್ಕೆ ಐದು ವಾರ ಹಿಡಿಯಿತು. ದುರ್ಗದ ಹಳೆಯ ಸರ್ವರನ್ನು ಪಟ್ಟಿಯಲ್ಲಿದ್ದ ವರ್ಷನ್ನಿಗೆ ತಂದರು. ಒಂದೊಂದು ದಾಖಲೆಯನ್ನೂ ತಾಳೆ ನೋಡಿದರು. ಮತ್ತೆ ಹಿರಿಯೂರಿನಲ್ಲಿ ಗುಂಡಿ ಒತ್ತಿದಾಗ, ಇಪ್ಪತ್ತಾರನೇ ನಿಮಿಷಕ್ಕೆ ಪರದೆ ಬೆಳಗಿತು!

ಶಾಂತಕ್ಕನ ಹೆಸರು ಟೈಪ್ ಮಾಡಿದವಳು ಮಮತಾ. ಒಂಬತ್ತು ವರ್ಷದ ಹಿಂದಿನ ಆ ಸಾಲೂ ಸೇರಿ ಎಲ್ಲವೂ ಅಲ್ಲಿತ್ತು. ಆಗ ಅವಳು ಅತ್ತಳು. ಈ ಸಲ ಮುಖ ತಿರುಗಿಸಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವಳೇ ಅವನಿಗೆ ಫೋನ್ ಮಾಡಿದಳು. "ಮಾರಿಕಣಿವೆಗೆ ಬರ್ತೀರಾ? ಮಾತಾಡೋದೈತೆ."

ಅಣೆಕಟ್ಟಿನ ಮೇಲೆ ಗಾಳಿ ಜೋರಾಗಿತ್ತು. ಕೆಳಗಡೆ ಯಾರೋ ಬುಟ್ಟಿಯಿಂದ ಮೀನು ಸುರಿಯುತ್ತಿದ್ದರು. ದುರ್ಗೇಶ್ ಹತ್ತು ನಿಮಿಷದಿಂದ ಮಳೆ, ನೀರಿನ ಮಟ್ಟ, ಬೈಕಿನ ಮೈಲೇಜು ಎಲ್ಲವನ್ನೂ ಮಾತಾಡಿ ಮುಗಿಸಿದ್ದ.

"ನೀವು ಹೇಳ್ತೀರಾ, ನಾನೇ ಹೇಳ್ಲಾ?" ಎಂದಳು ಮಮತಾ.

ಅವನು ತಬ್ಬಿಬ್ಬಾದ. "ಏನು?"

"ಸರಿ, ನಾನೇ ಹೇಳ್ತೀನಿ. ನೀವಂದ್ರೆ ನಂಗೆ ಇಷ್ಟ. ಮದುವೆ ಆಗಬೇಕು ಅನ್ನಿಸೈತೆ."

ಗಾಳಿಗೆ ಅವಳ ಜಡೆ ಬಿಚ್ಚಿ ಮುಖದ ತುಂಬ ಕೂದಲು ಹಾರಾಡಿತು. ಅವಳು ಸರಿಸಿಕೊಳ್ಳಲೂ ಇಲ್ಲ. ಉತ್ತರಕ್ಕಾಗಿ ಅವನನ್ನೇ ದಿಟ್ಟಿಸಿದಳು.

ದುರ್ಗೇಶನ ಕಣ್ಣು ತುಂಬಿ ಬಂತು. "ನಂಗೂ... ನೀವು ಪೆನ್ನಿಗೆ ಮುಚ್ಚಳ ಹಾಕಿದ ದಿನದಿಂದ್ಲೇ. ಆದ್ರೆ ಇನ್ನೊಂದೂವರೆ ತಿಂಗಳಿಗೆ ನನ್ನ ಕೆಲಸ ಮುಗೀತೈತೆ. ನೀವೊಂದು ಜಾತಿ, ನಾವೊಂದು ಜಾತಿ. ನಮ್ಮನೇಲಿ ಅಮ್ಮ ಒಂದಿಷ್ಟು ದಿನ ಮಾತು ಬಿಡ್ತಾರೆ. ನಿಮ್ಮ ಕಡೆಯೋರು..."

"ನಮ್ಮ ಕಡೆಯೋರು ಕಾಲೇಜಿಗೆ ಹೋಗ್ಬ್ಯಾಡ ಅಂದ್ರು, ಹೋದೆ. ಕಂಪ್ಯೂಟರ್ ಓದಬ್ಯಾಡ ಅಂದ್ರು, ಓದ್ದೆ. ಇದಕ್ಕೂ ಅಂತಾರೆ. ಅನ್ನಲಿ. ಅಪ್ಪ ಸಿಟ್ಟು ಮಾಡ್ಕಳ್ತಾನೆ, ಆದ್ರೆ ಪೂರಾ ಕೇಳ್ತಾನೆ. ನಿಮಗೆ ಹೆದರಿಕೆ ಆಗ್ತೈತಾ?"

"ಆಗ್ತೈತೆ."

"ನಂಗೂ ಆಗ್ತೈತೆ." ಅವಳು ಮೆಲ್ಲಗೆ ಕೈ ಚಾಚಿದಳು. ಅವನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. ಅವನ ಅಂಗೈ ಬಿಸಿಯಾಗಿತ್ತು.

"ಯಾವತ್ತು ಬರ್ಲಿ ನಿಮ್ಮನೆಗೆ?" ಎಂದು ಕೇಳಿದ.

"ಇವತ್ತು. ಅಪ್ಪ ಸಂಜೆಗೆ ಮನೇಲಿರ್ತಾನೆ."

"ಇವತ್ತಾ! ನೋಡ್ರಿ ನನ್ನ ಅಂಗಿ... ಗ್ರೀಸ್ ಕಲೆ ಬೇರೆ ಐತೆ. ಕೈಯಲ್ಲಿ ಒಂದು ಹಣ್ಣೂ ಇಲ್ಲ."

"ಹಣ್ಣು ಹೊಸದುರ್ಗದಲ್ಲಿ ತಗಳಾಣ. ಅಂಗಿ ಹಿಂಗೇ ಇರ್ಲಿ, ನಂಗೆ ಚೆನ್ನಾಗೈತೆ."

ಅವನು ಜೋರಾಗಿ ನಕ್ಕುಬಿಟ್ಟ. ಬೈಕಿನ ಹತ್ತಿರ ಹೋಗಿ ಸೀಟಿನ ಧೂಳನ್ನು ಕೈಯಿಂದಲೇ ಒರೆಸಿದ.

"ಕುಂತ್ಕಳ್ರಿ, ಹೋಗಾಣ."

"ನಿಧಾನಕ್ಕೆ ನಡೆಸ್ರಿ," ಎಂದಳು ಮಮತಾ, ಅವನ ಹೆಗಲ ಮೇಲೆ ಕೈಯಿಟ್ಟು. "ದಾರಿ ಬೇಗ ಮುಗಿಯೋದು ನಂಗಿಷ್ಟ ಇಲ್ಲ."